ಕ್ರೇಪೆಲಿನ್ ಎಳೆದ ಗೆರೆ

1880ರಲ್ಲಿ ಪ್ಯಾರಿಸ್‌ನ ವೈದ್ಯ ಜೂಲ್ಸ್ ಕೊಟಾರ್ ವಿಚಿತ್ರ ರೋಗಿಯೊಬ್ಬಳ ಬಗ್ಗೆ ಉಪನ್ಯಾಸ ಕೊಟ್ಟರು. ತನಗೆ ಮಿದುಳಿಲ್ಲ, ಹೊಟ್ಟೆಯಿಲ್ಲ, ಉಳಿದದ್ದು ಬರೀ ತೊಗಲು ಮೂಳೆ, ಹಾಗಾಗಿ ಊಟವೂ ಬೇಡ ಎನ್ನುತ್ತಿದ್ದಳು ಆಕೆ. ಇಷ್ಟು ಘೋರವಾದ ಭ್ರಾಂತಿಯ ಬೇರು ಕಡು ವಿಷಾದದಲ್ಲಿದೆ ಎಂದು ಕೊಟಾರ್ ಕಂಡುಕೊಂಡರು.

ಈ ಹೊಳಹು ಬೆಳೆಯುವ ಮೊದಲೇ ಭ್ರಾಂತಿಯ ಕಾಯಿಲೆ ಮತ್ತು ವಿಷಾದದ ಕಾಯಿಲೆಗಳ ನಡುವೆ ಗೆರೆಯೊಂದು ಬಿತ್ತು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಎಮಿಲ್ ಕ್ರೇಪೆಲಿನ್ ಒಬ್ಬೊಬ್ಬ ರೋಗಿಗೂ ಕಾರ್ಡು ಬರೆದಿಟ್ಟು, ಕಾಯಿಲೆ ಹಿಡಿದ ದಾರಿಯನ್ನು ಗಮನಿಸುತ್ತಿದ್ದರು. 1899ರಲ್ಲಿ ತಮ್ಮ ಪಠ್ಯಪುಸ್ತಕದ ಆರನೇ ಆವೃತ್ತಿಯಲ್ಲಿ ದೊಡ್ಡ ಮನೋರೋಗಗಳನ್ನು ಎರಡು ಪಾಲು ಮಾಡಿದರು: ಬುದ್ಧಿ ಕುಸಿಯುತ್ತಲೇ ಹೋಗುವಂಥದು ಒಂದು, ಉನ್ಮಾದವೋ ಖಿನ್ನತೆಯೋ ಆಗಿ ಬಂದು ಇಳಿಯುವಂಥದು ಇನ್ನೊಂದು. ಮೊದಲನೆಯದೇ ಮುಂದೆ ಸ್ಕಿಜೋಫ್ರೇನಿಯಾ ಆಯಿತು. 'ನಮ್ಮ ಹುಡುಗ ಸರಿಹೋಗ್ತಾನಾ ಡಾಕ್ಟ್ರೇ?' ಎಂಬ ಮನೆಯವರ ಪ್ರಶ್ನೆಗೆ ಈ ವಿಂಗಡಣೆ ಒಂದಿಷ್ಟಾದರೂ ಉತ್ತರ ಕೊಟ್ಟಿತು. ಅದು ಸಣ್ಣ ಉಪಕಾರವಲ್ಲ. ಆದರೆ ಎರಡೂ ಕಡೆಯ ಲಕ್ಷಣ ಒಬ್ಬರಲ್ಲೇ ಕಾಣುವುದುಂಟು. ಬೇರ್ಪಡಿಸಲಾಗದ ರೋಗಿಗಳಿದ್ದಾರೆಂದು 1920ರಲ್ಲಿ ಕ್ರೇಪೆಲಿನ್ ಅವರೇ ಬರೆದರು. ಅದು ಅವರ ದೊಡ್ಡತನ ಎಂದೇ ನಾನು ತಿಳಿದಿದ್ದೇನೆ. 1933ರಲ್ಲಿ ಅಮೆರಿಕದ ಜೇಕಬ್ ಕಸಾನಿನ್ ಅಂಥ ಒಂಬತ್ತು ಮಂದಿಯನ್ನು ವಿವರಿಸಿ 'ಸ್ಕಿಜೋಅಫೆಕ್ಟಿವ್' ಎಂಬ ಹೆಸರಿಟ್ಟರು.

ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ಗೊಂದಲದ ಬೆಲೆ ತೆತ್ತವರು ರೋಗಿಗಳು. ಅಮೆರಿಕದಲ್ಲಿ ಭ್ರಾಂತಿ ಕಂಡರೆ ಸಾಕು, ಸ್ಕಿಜೋಫ್ರೇನಿಯಾ ಎಂದು ಬರೆಯುವ ರೂಢಿ ಬೆಳೆಯಿತು. ನ್ಯೂಯಾರ್ಕ್ ಮತ್ತು ಲಂಡನ್ ಆಸ್ಪತ್ರೆಗಳನ್ನು ಹೋಲಿಸಿದ ಅಧ್ಯಯನ 1972ರಲ್ಲಿ ಪ್ರಕಟವಾದಾಗ ಎಲ್ಲ ಬಯಲಾಯಿತು. ಒಂದೇ ಅಳತೆಗೋಲಿನಲ್ಲಿ ಪರೀಕ್ಷಿಸಿದರೆ ಎರಡೂ ಊರಿನ ರೋಗಿಗಳಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ವೈದ್ಯರ ರೂಢಿಯಲ್ಲಿ. ಉನ್ಮಾದಕ್ಕೆ ಲಿಥಿಯಂ ಕೆಲಸ ಮಾಡುತ್ತದೆಂದು ಜಾನ್ ಕೇಡ್ 1949ರಲ್ಲೇ ಆಸ್ಟ್ರೇಲಿಯಾದಿಂದ ವರದಿ ಮಾಡಿದ್ದರು. ತಪ್ಪು ಹೆಸರು ಹೊತ್ತವರಿಗೆ ಆ ಗುಳಿಗೆ ಸಿಗದೇ ಹೋಗುವ ಅಪಾಯವಿತ್ತು. ನನಗೆ ಹೆಚ್ಚು ನೋವು ಕೊಡುವ ಭಾಗ ಇದು.

1987ರಲ್ಲಿ ಅಮೆರಿಕದ ರೋಗನಿರ್ಣಯ ಕೈಪಿಡಿ ಸ್ಕಿಜೋಅಫೆಕ್ಟಿವ್‌ಗೆ ನಿಯಮ ಮಾಡಿತು: ಉನ್ಮಾದ, ಖಿನ್ನತೆಗಳ ಲಕ್ಷಣ ಇಲ್ಲದಿರುವಾಗಲೂ ಭ್ರಾಂತಿ ಕನಿಷ್ಠ ಎರಡು ವಾರ ಉಳಿದಿರಬೇಕು. ಸ್ಕಿಜೋಫ್ರೇನಿಯಾ ಮತ್ತು ಉನ್ಮಾದ, ಖಿನ್ನತೆಗಳು ಬಂದು ಇಳಿಯುವ ಬೈಪೋಲಾರ್ ಕಾಯಿಲೆಗಳ ಆನುವಂಶಿಕ ಬೇರುಗಳು ಬಹಳಷ್ಟು ಹೆಣೆದುಕೊಂಡಿವೆ ಎಂದು 2009ರ ದೊಡ್ಡ ಅಧ್ಯಯನಗಳು ತೋರಿಸಿದವು. ಇವೆರಡನ್ನೂ ಬೇರ್ಪಡಿಸಿ ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಂದಿಗೂ ಇಲ್ಲ. ಆದ್ದರಿಂದಲೇ ವೈದ್ಯರು ಮನೆಯವರನ್ನು ಕೂರಿಸಿಕೊಂಡು ಕೇಳುತ್ತಾರೆ: ನಿದ್ದೆ ಕೆಟ್ಟದ್ದು ಯಾವಾಗ, ಅನುಮಾನ ಶುರುವಾದದ್ದು ಯಾವಾಗ, ಮಂಕು ಕಳೆದ ಮೇಲೂ ಆ ಅನುಮಾನ ಉಳಿದಿತ್ತೇ?