ನಿಮಗಿದು ಗೊತ್ತೆ? ಶಿಬಿರದಲ್ಲೊಂದು ಕೊಲೆ!

ಬೇಸಿಗೆ ಶಿಬಿರವೆಂದರೆ ಮನಗೂಳಿಯಂಥ ಊರಿನ ಮಕ್ಕಳಿಗೆ ಹಾಡು, ಚಿತ್ರಕಲೆ, ನಾಟಕ. ಅಮೆರಿಕದ ಹದಿಹರೆಯದ ಓದುಗರಿಗೆ ಅದು ಕೊಲೆ ಕಥೆಗೆ ಹೇಳಿ ಮಾಡಿಸಿದ ಜಾಗವೂ ಹೌದು! ಆರ್.ಎಲ್. ಸ್ಟೈನ್ ಅವರ ‘ಫಿಯರ್ ಸ್ಟ್ರೀಟ್’ ಮಾಲಿಕೆಯ ‘ಲೈಟ್ಸ್ ಔಟ್’ (1991) ಕಾದಂಬರಿ ನಡೆಯುವುದು ‘ಕ್ಯಾಂಪ್ ನೈಟ್‌ವಿಂಗ್’ ಎಂಬ ಶಿಬಿರದಲ್ಲಿ. ಸುತ್ತ ಕಾಡು, ಹೆತ್ತವರು ದೂರ, ಇರುವ ಕೆಲವರಲ್ಲೇ ಒಬ್ಬ ಹಂತಕ. ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ 1939ರಲ್ಲೇ ಹತ್ತು ಜನರನ್ನು ದ್ವೀಪವೊಂದರಲ್ಲಿ ಕೂಡಿಹಾಕಿ ಇಂಥದ್ದೇ ತಂತ್ರ ಹೂಡಿದ್ದರು.

ಇತ್ತ ಕನ್ನಡದ ಹುಡುಗರಿಗೆ ಪತ್ತೇದಾರಿಯ ರುಚಿ ಹತ್ತಿಸಿದವರಲ್ಲಿ ಎನ್. ನರಸಿಂಹಯ್ಯ ಮುಖ್ಯರು. ಚಿಕ್ಕಮಗಳೂರಿನಲ್ಲಿ 1925ರಲ್ಲಿ ಹುಟ್ಟಿದ ಅವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿವರೆಗೆ. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಅವುಗಳಲ್ಲಿ ‘ಪತ್ತೇದಾರ ಪುರುಷೋತ್ತಮ’ 1952ರದು. ಮನೆಯಲ್ಲಿ ಬೈಗುಳ ತಿಂದೂ ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಇಂಥ ಕಾದಂಬರಿ ಓದಿದ ತಲೆಮಾರೇ ನಮ್ಮಲ್ಲಿದೆ. ಓದುಗರನ್ನು ಹುಟ್ಟುಹಾಕಿದ ಈ ಲೇಖಕರಿಗೆ ಸಾಹಿತ್ಯ ಚರಿತ್ರೆ ಇನ್ನೂ ದೊಡ್ಡ ಜಾಗ ಕೊಡಬೇಕು.

ಕಾಲೇಜು ಹುಡುಗರೂ ಕೊಲೆಯ ಗುಮಾನಿಯೂ ಒಟ್ಟಿಗೆ ಬೇಕೆ? ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಓದಿ. ಮಲೆನಾಡಿನ ಕೆಸರೂರಿನಲ್ಲಿ ವಿಜ್ಞಾನಿಯೊಬ್ಬನ ಸಾವಿನ ಜಾಡು ಹಿಡಿಯುವ ಈ ಕಾದಂಬರಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಬರೆಯುವ ಹುಮ್ಮಸ್ಸಿನ ಮಕ್ಕಳೇ, ಆಲಮಟ್ಟಿ ಹಿನ್ನೀರಿನ ದಡದಲ್ಲೊಂದು ಶಿಬಿರ ಕಲ್ಪಿಸಿಕೊಳ್ಳಿ. ಈ ರಜೆಯಲ್ಲಿ ನಿಮ್ಮ ಪತ್ತೇದಾರಿ ಕಥೆಯ ಮೊದಲ ಅಧ್ಯಾಯ ಬರೆದೇಬಿಡಿ.