ದೊಡ್ಡ ಕೊಂಬಿಗಾಗಿ ಕಾಯಬೇಕೆ?

ಕಾರ್ಕಳದಿಂದ ಮೂಡಣಕ್ಕೆ ಬಜಗೋಳಿಯನ್ನು ದಾಟಿ ಮಾಳದ ಕಡೆಗೆ ಹೋದಂತೆ ಗದ್ದೆ ತೋಟಗಳು ಕಿರಿದಾಗುತ್ತವೆ. ಘಟ್ಟದ ಗೋಡೆ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ಈ ಸೀಮೆಯ ಹಳೆಯ ಮನೆಗಳ ಚಾವಡಿಯಲ್ಲಿ ಗೋಡೆಗೆ ತೂಗಹಾಕಿದ ಕಡವೆಯ ಕೊಂಬುಗಳನ್ನು ನೋಡಿದವರು ನಮ್ಮ ಓದುಗರಲ್ಲಿ ಅನೇಕರಿರಬಹುದು. ಹೀಗೆ ಗೋಡೆಗೇರಿದವು ಸಾಮಾನ್ಯವಾಗಿ ಮೊಳದುದ್ದವನ್ನು ಮೀರಿದ ಕವಲುಗೊಂಬುಗಳು. ಗೇಣುದ್ದದ ಮೋಟುಗೊಂಬನ್ನು ಯಾರೂ ಚಾವಡಿಗೆ ತರುವುದಿಲ್ಲ. ಆದುದರಿಂದ ಆ ಗೋಡೆಗಳು ನಮಗೆ ತಿಳಿಸುವುದು ಕಾಡಿನಲ್ಲಿ ಎಂಥ ಕಡವೆಗಳಿದ್ದವೆಂಬುದನ್ನಲ್ಲ. ಬೇಟೆಗಾರನು ಎಂಥದನ್ನು ಮೆಚ್ಚಿದನೆಂಬುದನ್ನು.

ಈ ಮೆಚ್ಚಿಕೆಯ ಹಿಂದೆ ಒಂದು ಪ್ರಶ್ನೆಯಿದೆ. ಬೇಟೆಗೆ ಹೊಸಬನಾದ ತರುಣನ ಮುಂದೆ ಎಳೆಯ ಗಂಡೊಂದು ಬಂದು ನಿಂತರೆ ಅವನು ಅದನ್ನು ಹೊಡೆಯಬೇಕೆ, ಬಿಟ್ಟು ದೊಡ್ಡ ಕೊಂಬಿನದಕ್ಕಾಗಿ ಕಾಯಬೇಕೆ? ಅಮೆರಿಕದಲ್ಲಿ ಜಿಂಕೆಯ ಬೇಟೆ ಇಂದಿಗೂ ಪರವಾನಗಿಯ ಕಟ್ಟಿನೊಳಗೆ ವರ್ಷವರ್ಷವೂ ನಡೆಯುವುದರಿಂದ, ಅಲ್ಲಿ ತಂದೆ ಮಕ್ಕಳ ನಡುವೆ ಈ ಮಾತು ಈಗಲೂ ಬರುವುದುಂಟು. ನಮ್ಮಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಗೆ ತಡೆ ಹಾಕಿದೆ. ಹಾಗಿದ್ದರೂ ಈ ಪ್ರಶ್ನೆಯನ್ನು ನಾವು ಎತ್ತಿಕೊಳ್ಳುವುದಕ್ಕೆ ಎರಡು ಕಾರಣಗಳಿವೆ. ಇದರ ಉತ್ತರವು ಕೊಂಬೆಂಬ ವಿಚಿತ್ರ ಅವಯವದ ಶಾಸ್ತ್ರದಲ್ಲಿ ಅಡಗಿದೆ ಎಂಬುದು ಒಂದು. ಕಾಯಿದೆ ಬಂದ ಮಾತ್ರಕ್ಕೆ ಘಟ್ಟದ ತಪ್ಪಲಿನಲ್ಲಿ ಕೋವಿಯ ಸದ್ದು ಅಡಗಲಿಲ್ಲ ಎಂಬುದು ಇನ್ನೊಂದು.

ತುಳುನಾಡಿನ ಹಳೆಯ ಬೇಟೆಗೆ ಕೊಂಬಿನ ಹಂಬಲ ಅಷ್ಟಾಗಿ ಇದ್ದಂತೆ ಕಾಣುವುದಿಲ್ಲ. ಪೊನ್ನಿ ತಿಂಗಳ ಕೊನೆಯ ಕೆಡ್ಡಸದ ದಿನಗಳಲ್ಲಿ ಭೂಮಿತಾಯಿ ಮುಟ್ಟಾಗುತ್ತಾಳೆಂದು ನೆಲವನ್ನು ಅಗೆಯದೆ ಉಳದೆ ಬಿಡುವ ರೂಢಿ ನಮ್ಮಲ್ಲಿದೆ. ಆ ಬಿಡುವಿನಲ್ಲಿ ಊರವರು ಒಟ್ಟಾಗಿ ಬೇಟೆಗೆ ಹೋಗುವುದೂ ಸಂಪ್ರದಾಯವಾಗಿತ್ತು. ಕೂಗೆಬ್ಬಿಸಿ ಪ್ರಾಣಿಗಳನ್ನು ಅಟ್ಟಿ, ಎದುರಿಗೆ ಬಂದುದನ್ನು ಹೊಡೆದು, ಮಾಂಸವನ್ನು ಪಾಲು ಹಾಕಿಕೊಳ್ಳುವ ಬೇಟೆಯಲ್ಲಿ ಆರಿಸುವುದಕ್ಕೆ ಎಡೆಯಾದರೂ ಎಲ್ಲಿ? ಹಂದಿ ಬಂದರೆ ಹಂದಿ, ಕಡವೆ ಬಂದರೆ ಕಡವೆ. (೧೪೩೨ರಿಂದ ಕಾರ್ಕಳದ ಬಂಡೆಯ ಮೇಲೆ ನಿಂತಿರುವ ಅಹಿಂಸಾಮೂರ್ತಿಯಾದ ಗೊಮ್ಮಟನ ಕಣ್ಣಳತೆಯ ಕಾಡುಗಳಲ್ಲಿಯೇ ಇದೆಲ್ಲ ನಡೆಯುತ್ತಿತ್ತೆಂಬುದು ನಮ್ಮ ನಾಡಿನ ಬಾಳಿನ ಸೋಜಿಗಗಳಲ್ಲೊಂದು.) ಕೊಂಬನ್ನು ಅಂಗುಲದಿಂದ ಅಳೆದು ಹೆಮ್ಮೆಪಡುವ ಪದ್ಧತಿಯನ್ನು ಬೆಳೆಸಿದವರು ಮುಖ್ಯವಾಗಿ ಆಂಗ್ಲ ಬೇಟೆಗಾರರು. ಲಂಡನ್ನಿನ ರೋಲೆಂಡ್ ವಾರ್ಡನು ಜಗತ್ತಿನ ದೊಡ್ಡ ಕೊಂಬುಗಳ ಅಳತೆಗಳ ದಾಖಲೆಪುಸ್ತಕವನ್ನು ಮೊದಲು ಹೊರತಂದುದು ೧೮೯೨ರಲ್ಲಿ. ನಮ್ಮ ಜಿಲ್ಲೆ ಅಂದು ಸೇರಿದ್ದ ಮದರಾಸು ಪ್ರಾಂತದಲ್ಲಿಯೇ, ನೀಲಗಿರಿಯ ಮಟ್ಟಿಗೆ, ಬೇಟೆಯ ಕಾಲವನ್ನು ಕಟ್ಟುಪಡಿಸುವ ಕಾಯಿದೆಯೊಂದು ೧೮೭೯ರಲ್ಲಿ ಬಂದಿತ್ತು. ಹೆಣ್ಣನ್ನೂ ಎಳೆಯದನ್ನೂ ಬಿಡು, ತುಂಬಿದ ಕೊಂಬಿನ ಗಂಡನ್ನು ಮಾತ್ರ ಹೊಡೆ ಎಂಬುದು ಈ ಬಗೆಯ ಬೇಟೆಗಾರರ ಸಭ್ಯತೆಯ ಲಕ್ಷಣವಾಯಿತು.

ಈ ಸಭ್ಯತೆಯಿಂದ ಹಿಂಡಿಗೆ ಹಿತವೆ? ಇದನ್ನು ತಿಳಿಯಬೇಕಾದರೆ ಮೊದಲು ಕೊಂಬನ್ನು ತಿಳಿಯಬೇಕು.

ಕನ್ನಡದಲ್ಲಿ ಎಮ್ಮೆಯದೂ ಕೊಂಬು, ಕಡವೆಯದೂ ಕೊಂಬು. ಶಾಸ್ತ್ರದೃಷ್ಟಿಯಲ್ಲಿ ಇವೆರಡೂ ಬೇರೆಬೇರೆ ವಸ್ತುಗಳು. ದನ, ಎಮ್ಮೆ, ಆಡು, ಕಾಟಿಗಳ ಕೊಂಬಿನಲ್ಲಿ ಒಳಗೆ ಎಲುಬಿನ ತಿರುಳು, ಹೊರಗೆ ಉಗುರಿನ ಜಾತಿಯ ಹೊದಿಕೆ. ಅದು ಒಮ್ಮೆ ಮೂಡಿತೆಂದರೆ ಸಾಯುವವರೆಗೂ ಇರುತ್ತದೆ. ಜಿಂಕೆಯ ವಂಶದ ಕವಲುಗೊಂಬಾದರೋ ಆದ್ಯಂತವಾಗಿ ಎಲುಬು. ಅದು ಬೀಳುತ್ತದೆ, ಮತ್ತೆ ಮೂಡುತ್ತದೆ. ನಮ್ಮ ಜಿಂಕೆಗಳಲ್ಲಿ ಅದಿರುವುದು ಗಂಡಿಗೆ ಮಾತ್ರ. ನಮ್ಮ ಕಾಡಿನ ಕಾಡುಕುರಿಯು ಹೆಸರಿಗೆ ಕುರಿಯಾದರೂ ಜಿಂಕೆಯೇ. ಅದರ ತಲೆಯ ಮೇಲಿನ ಗಿಡ್ಡ ಕೊಂಬುಗಳೂ ಬಿದ್ದು ಬೆಳೆಯುವಂಥವೇ. ಮೊಲದಷ್ಟೇ ಗಾತ್ರದ ಬರಿಂಕಕ್ಕೆ ಕೊಂಬೇ ಇಲ್ಲ. ಅದನ್ನು ಪ್ರಾಣಿಶಾಸ್ತ್ರಜ್ಞರು ಜಿಂಕೆಗಳಿಂದ ಬೇರೆಯಾದ ಕುಟುಂಬಕ್ಕೆ ಸೇರಿಸುತ್ತಾರೆ.

ಹಳೆಯ ಕೊಂಬು ಉದುರಿದ ಮೇಲೆ ಹಣೆಯ ಮೇಲಿನ ಗಿಡ್ಡ ಎಲುಬಿನ ಬುಡದಿಂದ ಹೊಸತೊಂದು ಮೊಳೆಯುತ್ತದೆ. ಬೆಳೆಯುವಾಗ ಅದಕ್ಕೆ ಮಖಮಲ್ಲಿನಂಥ ನುಣುಪು ರೋಮದ ತೊಗಲಿನ ಹೊದಿಕೆ. ಆ ತೊಗಲಿನ ತುಂಬ ರಕ್ತನಾಳಗಳು. ಮುಟ್ಟಿದರೆ ಬೆಚ್ಚಗಿರುತ್ತದೆ, ಗೀರಿದರೆ ರಕ್ತ ಬರುತ್ತದೆ. ಸಸ್ತನಿಗಳ ಶರೀರದಲ್ಲಿ ಇಷ್ಟು ವೇಗವಾಗಿ ಬೆಳೆಯುವ ಎಲುಬು ಬೇರೊಂದಿಲ್ಲ. ಉತ್ತರ ಅಮೆರಿಕದ ಎಲ್ಕ್ ಎಂಬ ದೊಡ್ಡ ಜಿಂಕೆಯಲ್ಲಿ ಅದು ದಿನಕ್ಕೆ ಸುಮಾರು ೨ ಸೆಂಟಿಮೀಟರು ಬೆಳೆಯಬಲ್ಲುದು. ಈ ವೇಗಕ್ಕೆ ಬೇಕಾಗುವ ಸುಣ್ಣದ ಅಂಶವನ್ನು ಮೇವಷ್ಟೇ ಒದಗಿಸಲಾರದು. ಆಗ ಪ್ರಾಣಿಯು ತನ್ನ ಪಕ್ಕೆಲುಬು ಮೊದಲಾದ ಎಲುಬುಗಳಿಂದಲೇ ಸಾಲ ತೆಗೆದು, ಮುಂದೆ ಮೇವು ಸಮೃದ್ಧವಾದಾಗ ತೀರಿಸುತ್ತದೆ. ಬೆಳವಣಿಗೆ ಮುಗಿಯುತ್ತಲೇ ಟೆಸ್ಟೊಸ್ಟಿರೋನ್ ಎಂಬ ಗಂಡು ಹಾರ್ಮೋನು ರಕ್ತದಲ್ಲಿ ಏರುತ್ತದೆ, ಎಲುಬು ಗಟ್ಟಿಯಾಗುತ್ತದೆ, ತೊಗಲು ಒಣಗುತ್ತದೆ. ಗಂಡು ಅದನ್ನು ಗಿಡಮರಗಳಿಗೆ ಉಜ್ಜಿ ಕಳಚುತ್ತದೆ. ಬೆದೆಯ ಕಾಲ ಕಳೆದು ಹಾರ್ಮೋನು ಇಳಿದಾಗ ಬುಡ ಸಡಿಲಾಗಿ ಕೊಂಬು ಬೀಳುತ್ತದೆ. ಶೀತದೇಶದ ಜಿಂಕೆಗಳಲ್ಲಿ ಇದೆಲ್ಲ ಪಂಚಾಂಗ ನೋಡಿ ನಡೆದಂತೆ ನಡೆಯುತ್ತದೆ. ನಮ್ಮ ಕಡವೆ, ಚುಕ್ಕೆಜಿಂಕೆಗಳಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಒಂದೇ ಕಾಡಿನಲ್ಲಿ ಒಂದೇ ದಿನ ಗಟ್ಟಿಗೊಂಬಿನ ಗಂಡನ್ನೂ ತೊಗಲುಗೊಂಬಿನದನ್ನೂ ಬೋಳುತಲೆಯದನ್ನೂ ಕಾಣಬಹುದು.

ಕವಲೊಂದಕ್ಕೆ ವರ್ಷವೊಂದು ಎಂಬ ಎಣಿಕೆ ಬೇಟೆಗಾರರಲ್ಲಿ ಬಹಳ ಪ್ರಚಲಿತವಾಗಿದೆ. ಇದು ತಪ್ಪೆಂಬುದಕ್ಕೆ ನಮ್ಮ ಕಡವೆಯೇ ಸಾಕ್ಷಿ. ಮೊದಲ ವರ್ಷ ಕವಲಿಲ್ಲದ ಮೊನೆ. ಮೂರು ನಾಲ್ಕು ವರ್ಷಗಳಾಗುವ ಹೊತ್ತಿಗೆ ಒಂದೊಂದು ಕೊಂಬಿಗೆ ಮೂರು ಮೊನೆಗಳು. ಆಮೇಲೆ ಹತ್ತು ವರ್ಷ ಬಾಳಿದರೂ ಸಾಧಾರಣವಾಗಿ ಅಷ್ಟೇ. ಹೆಚ್ಚುವುದು ಉದ್ದ ಮತ್ತು ದಪ್ಪ. ಚೆನ್ನಾಗಿ ಬೆಳೆದ ಕಡವೆಯ ಕೊಂಬು ಒಂದು ಮೀಟರನ್ನೂ ಮೀರುವುದುಂಟು. ಮುಪ್ಪಿನಲ್ಲಿ ಅದೂ ಕುಗ್ಗುತ್ತದೆ. ವಯಸ್ಸನ್ನು ಹೇಳಬೇಕಾದರೆ ಹಲ್ಲಿನ ಸವಕಳಿಯನ್ನು ನೋಡಬೇಕೇ ಹೊರತು ಕೊಂಬಿನ ಮೊನೆಗಳನ್ನಲ್ಲ. ಕೊಂಬಿನ ಗಾತ್ರವನ್ನು ನಿರ್ಧರಿಸುವವು ಮೂರು: ವಯಸ್ಸು, ಮೇವು, ವಂಶ. ಗೋಡೆಯ ಮೇಲಿನ ದೊಡ್ಡ ಕೊಂಬೆಂದರೆ ತುಂಬುಪ್ರಾಯದಲ್ಲಿದ್ದ, ಒಳ್ಳೆಯ ಮೇವು ಉಂಡ, ಬಹುಶಃ ಒಳ್ಳೆಯ ವಂಶದ ಗಂಡು. ತನ್ನ ಕಾಡಿನ ಹೆಣ್ಣುಗಳಿಗೆ ಯಜಮಾನನಾಗಿದ್ದುದು.

ಇನ್ನು ಪ್ರಶ್ನೆಗೆ ಬರೋಣ. ಕಾಯಬೇಕೆನ್ನುವವರ ಪಕ್ಷವೂ ದುರ್ಬಲವಲ್ಲ. ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಬೇಟೆಗಾರರು ಹೊಡೆಯುತ್ತಿದ್ದ ಗಂಡು ಜಿಂಕೆಗಳಲ್ಲಿ ಹತ್ತಕ್ಕೆ ಎಂಟರಷ್ಟು ಒಂದೂವರೆ ವರ್ಷದ ಮರಿಗಳಾಗಿದ್ದವು. ಬೆಳೆದ ಗಂಡುಗಳೇ ವಿರಳವಾದುವು. ೨೦೦೨ರಲ್ಲಿ ಅಲ್ಲಿ, ಒಂದು ಪಕ್ಕದ ಕೊಂಬಿಗೆ ಇಂತಿಷ್ಟು ಮೊನೆಗಳಿಲ್ಲದ ಗಂಡನ್ನು ಹೊಡೆಯಕೂಡದೆಂದು ನಿಯಮ ಮಾಡಿದರು. ಎಳೆಯವು ಉಳಿದುವು, ಎರಡು ಮೂರು ವರ್ಷದ ಗಂಡುಗಳು ಹೆಚ್ಚಿದುವು. ಸ್ವಾರಸ್ಯವೆಂದರೆ, ಈ ನಿಯಮದಿಂದ ಎಳೆಯ ಬೇಟೆಗಾರರಿಗೆ ವಿನಾಯಿತಿ ಕೊಟ್ಟರು. ಮೊದಲ ವರ್ಷದ ಹುಡುಗನು ಮೋಟುಗೊಂಬಿನದನ್ನೂ ಹೊಡೆಯಬಹುದು. ತಾಳ್ಮೆಯನ್ನು ಕಲಿಯುವುದಕ್ಕೆ ಮುಂಚೆ ಗುರಿಯನ್ನೂ ಪ್ರಾಣಿಯನ್ನು ನರಳಿಸದೆ ಕೊಲ್ಲುವುದನ್ನೂ ಕಲಿಯಲಿ ಎಂಬ ಭಾವವಿರಬಹುದು. ಅಷ್ಟರ ಮಟ್ಟಿಗೆ ನಮಗೆ ಅದು ವಿವೇಕವೆಂದೇ ತೋರುತ್ತದೆ.

ಎದುರು ಪಕ್ಷದ ಸಾಕ್ಷಿ ಕೆನಡದ ಆಲ್ಬರ್ಟ ಪ್ರಾಂತದಿಂದ ಬಂದಿದೆ. ಅಲ್ಲಿಯ ರ‍್ಯಾಮ್ ಮೌಂಟನ್ ಎಂಬ ಬೆಟ್ಟದಲ್ಲಿ ಬಿಗ್‌ಹಾರ್ನ್ ಎಂಬ ಬೆಟ್ಟದ ಟಗರುಗಳಿವೆ. ಕೊಂಬು ಇಷ್ಟು ಸುರುಳಿಯಾಗಿರಬೇಕು, ಅಂಥದನ್ನು ಮಾತ್ರ ಹೊಡೆಯಬಹುದು ಎಂದು ಅಲ್ಲಿ ನಿಯಮವಿತ್ತು. ಸುಮಾರು ೩೦ ವರ್ಷಗಳ ಕಾಲ ಒಂದೊಂದು ಟಗರನ್ನೂ ಗುರುತಿಸಿ, ತೂಗಿ, ಅಳೆದು, ಅದರ ತಂದೆತಾಯಿಗಳನ್ನು ಗೊತ್ತುಹಚ್ಚಿದ ವಿಜ್ಞಾನಿಗಳು ೨೦೦೩ರಲ್ಲಿ ತಮ್ಮ ಫಲವನ್ನು ಪ್ರಕಟಿಸಿದರು. ಟಗರುಗಳ ತೂಕವೂ ಕೊಂಬಿನ ಅಳತೆಯೂ ಆ ಅವಧಿಯಲ್ಲಿ ಕುಗ್ಗಿದ್ದುವು. ಕಾರಣ ಸರಳ. ಬೇಗ ದೊಡ್ಡ ಕೊಂಬನ್ನು ಪಡೆದ ಟಗರು, ಆ ಕೊಂಬಿನ ಬಲದಿಂದ ಸಂತಾನವನ್ನು ಪಡೆಯುವ ವಯಸ್ಸು ಬರುವ ಮೊದಲೇ ಗುಂಡಿಗೆ ಬಲಿಯಾಗುತ್ತಿತ್ತು. ಸಣ್ಣ ಕೊಂಬಿನದು ಬದುಕಿ ತನ್ನಂಥವನ್ನೇ ಹುಟ್ಟಿಸುತ್ತಿತ್ತು. ರೈತನು ಒಳ್ಳೆಯ ಕಾಳನ್ನೆಲ್ಲ ಉಂಡು ಜೊಳ್ಳನ್ನು ಬಿತ್ತಕ್ಕಿಟ್ಟರೆ ಏನಾದೀತೋ ಅದೇ ಅಲ್ಲಿ ಆಯಿತು.

ಟಗರಿನ ಕೊಂಬು ಬೇರೆ, ಜಿಂಕೆಯದು ಬೇರೆ ಎಂದು ಮೇಲೆಯೇ ಹೇಳಿದೆವು. ಜಿಂಕೆಯಲ್ಲಿ ಮೇವು ವಯಸ್ಸುಗಳ ಪ್ರಭಾವವು ಹೆಚ್ಚಾದುದರಿಂದ, ಬೇಟೆಯಿಂದ ಅದರ ವಂಶವೇ ಕುಗ್ಗುವುದೆ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಹಿಂಡಿನ ಸಂಖ್ಯೆಯ ವಿಷಯದಲ್ಲಿ ಮಾತ್ರ ಸಂದೇಹವಿಲ್ಲ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವ ಜಾತಿಗಳಲ್ಲಿ ಸಂಖ್ಯೆಯ ಏರಿಳಿತವು ನಿಂತಿರುವುದು ಹೆಣ್ಣಿನ ಮೇಲೆ. ಜಿಂಕೆ ಅತಿಯಾಗಿ ಹೆಚ್ಚಿ ಕಾಡನ್ನೇ ಮೇಯ್ದುಹಾಕುವ ದೇಶದಲ್ಲಿ, ದೊಡ್ಡ ಕೊಂಬಿಗಾಗಿ ಕಾಯ್ದು ಬರಿಗೈಯಲ್ಲಿ ಮರಳುವ ಬೇಟೆಗಾರನಿಗಿಂತ ಒಂದು ಹೆಣ್ಣನ್ನು ಹೊಡೆದು ಮನೆಮಂದಿಗೆ ಉಣಿಸುವವನೇ ಹಿಂಡಿಗೆ ಹೆಚ್ಚು ಉಪಕಾರಿ. ಅಲ್ಲಿಯ ತರುಣನು ನಮ್ಮನ್ನು ಕೇಳಿದರೆ, ಕಾಯಬೇಡ ಎಂದೇ ಹೇಳುವೆವು.

ಕಾರ್ಕಳದ ಸ್ಥಿತಿ ಇದಕ್ಕೆ ವಿರುದ್ಧ. ಇಲ್ಲಿ ಜಿಂಕೆಯನ್ನು ಇಳಿಸಲು ಕೋವಿ ಬೇಕಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನವು ೧೯೮೭ರಲ್ಲಿ ಆಯಿತು. ಸುಮಾರು ೬೦೦ ಚದರ ಕಿಲೋಮೀಟರಿನ ಈ ಕಾಡಿನಲ್ಲಿ ಹುಲಿ, ಚಿರತೆ, ಕೆನ್ನಾಯಿಗಳು ಮೂರೂ ಇವೆ. ಇವುಗಳ ಆಯ್ಕೆ ಹೇಗಿರುತ್ತದೆಂಬುದನ್ನು ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರೂ ಮೆಲ್ವಿನ್ ಸನ್‌ಕ್ವಿಸ್ಟರೂ ಅಭ್ಯಸಿಸಿ ೧೯೯೫ರಲ್ಲಿ ಪ್ರಕಟಿಸಿದ್ದಾರೆ. ಹುಲಿ ಕೊಂದ ಕಡವೆ, ಚುಕ್ಕೆಜಿಂಕೆ, ಕಾಡುಹಂದಿಗಳಲ್ಲಿ ಬೆಳೆದ ಗಂಡುಗಳ ಪಾಲು ಹಿಂಡಿನಲ್ಲಿ ಅವುಗಳಿಗಿರುವ ಪಾಲಿಗಿಂತ ಹೆಚ್ಚಾಗಿತ್ತು. ಒಂಟಿಯಾಗಿ ತಿರುಗುವುದು, ಬೆದೆಯಲ್ಲಿ ಮೈಮರೆಯುವುದು, ಕಾದಾಡಿ ಸೊರಗುವುದು ಇವೆಲ್ಲ ಅದಕ್ಕೆ ಕಾರಣವಾಗಿರಬಹುದು. ಅಂದರೆ ಬೆಳೆದ ಗಂಡಿಗೆ ನಮ್ಮ ಕಾಡಿನಲ್ಲಿ ಈಗಾಗಲೇ ಒಬ್ಬ ಹಕ್ಕುದಾರನಿದ್ದಾನೆ. ಅದೇ ಪ್ರಾಯದ, ಅದೇ ಗಂಡಿನ ಮೇಲೆ ಕೋವಿಯೂ ಕಣ್ಣಿಟ್ಟರೆ ಹೊರೆ ಇಮ್ಮಡಿಯಾಗುತ್ತದೆ. ಎಳೆಯದನ್ನೋ ಹೆಣ್ಣನ್ನೋ ಹೊಡೆದರೆ ಹುಲಿಯ ನಾಳೆಯ ಊಟವನ್ನು ಇಂದೇ ಕಸಿದಂತೆ. ಹಸಿದ ಹುಲಿ ಚಿರತೆಗಳು ಯಾರ ಕೊಟ್ಟಿಗೆಯತ್ತ ನೋಡುತ್ತವೆಂಬುದನ್ನು ತಪ್ಪಲಿನ ದನಗಾಹಿಗಳಿಗೆ ನಾವು ಹೇಳಬೇಕಾಗಿಲ್ಲ.

ಕೋವಿಯ ಮಾತು ಊಹೆಯದಲ್ಲ. ಕುದುರೆಮುಖ ಮತ್ತು ನಾಗರಹೊಳೆಯ ಸುತ್ತಣ ೧೯ ಹಳ್ಳಿಗಳ ೪೯ ಮಂದಿ ಹಾಲಿ ಮಾಜಿ ಬೇಟೆಗಾರರನ್ನು ವಿಚಾರಿಸಿ ಎಂ. ಡಿ. ಮಧುಸೂದನ ಮತ್ತು ಕಾರಂತರು ೨೦೦೨ರಲ್ಲಿ ಪ್ರಕಟಿಸಿದ ಲೇಖನದಂತೆ, ಕಡಿಮೆಯೆಂದರೆ ೨೬ ಜಾತಿಯ ಸಸ್ತನಿಗಳು ಅಲ್ಲಿ ಬೇಟೆಗೆ ಗುರಿಯಾಗಿದ್ದುವು, ಅದೂ ಬಹುಮಟ್ಟಿಗೆ ಕೋವಿಯಿಂದ. ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ನಮ್ಮ ಕೃಷಿಕರ ಮನೆಗಳಲ್ಲಿವೆ. ಹಂದಿ ಗದ್ದೆಗಿಳಿದ ರಾತ್ರಿಯ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗದ್ದೆ ಕಾಯಲು ಹೊರಟ ತರುಣನ ಬೆಳಕಿಗೆ ತೋಟದ ಅಂಚಿನಲ್ಲಿ ಕಡವೆಯ ಕಣ್ಣುಗಳು ಹೊಳೆದಾಗ, ಅದರ ಕೊಂಬು ಎಷ್ಟುದ್ದವೆಂಬುದು ಅವನು ಕೇಳಿಕೊಳ್ಳಬೇಕಾದ ಪ್ರಶ್ನೆಯಲ್ಲ. ಕಡವೆ ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿಯನ್ನು ಹಾಕುತ್ತದೆ. ಆ ಲೆಕ್ಕದಲ್ಲಿ ಕಳೆಯುವುದು ಸುಲಭ, ಕೂಡಿಸುವುದು ನಿಧಾನ.

ಚಾವಡಿಯ ಹಳೆಯ ಕೊಂಬುಗಳ ವಿಷಯವಾಗಿ ಒಂದು ಮಾತು ಉಳಿದಿದೆ. ಕಾಯಿದೆಯ ದೃಷ್ಟಿಯಲ್ಲಿ ಕೊಂಬು, ಹಲ್ಲು, ಉಗುರುಗಳೆಲ್ಲ ಟ್ರೋಫಿ ಎಂಬ ಒಂದೇ ಮಾತಿನೊಳಗೆ ಬರುತ್ತವೆ. ಅಜ್ಜನ ಕಾಲದ್ದೆಂಬ ಕಾರಣದಿಂದಲೇ ಅವನ್ನು ಇಟ್ಟುಕೊಳ್ಳುವ ಹಕ್ಕು ಹುಟ್ಟುವುದಿಲ್ಲ, ಒಡೆತನದ ಪತ್ರವಿರಬೇಕು. ಪತ್ರವಿಲ್ಲದವರು ಇಂಥ ವಸ್ತುಗಳನ್ನು ಅರಣ್ಯ ಇಲಾಖೆಗೆ ಒಪ್ಪಿಸಲೆಂದು ರಾಜ್ಯ ಸರಕಾರವು ೨೦೨೪ರ ಆರಂಭದಲ್ಲಿ ಮೂರು ತಿಂಗಳ ಅವಕಾಶವನ್ನೂ ಕೊಟ್ಟಿತ್ತು. ಕಾಡಿನಲ್ಲಿ ತಾನಾಗಿ ಬಿದ್ದ ಕೊಂಬನ್ನು ಆಯ್ದು ತರುವುದೂ ಕೂಡದು. ಯಾರಿಗೂ ಬೇಡವೆಂದು ಬಿದ್ದಿರುವಂತೆ ಕಾಣುವ ಆ ಕೊಂಬಿಗೂ ಗಿರಾಕಿಗಳಿದ್ದಾರೆ. ಮುಳ್ಳುಹಂದಿಯು ಸುಣ್ಣದ ಆಸೆಗೆ ಅದನ್ನು ಹುಡುಕಿ ಕಡಿಯುತ್ತದೆ. ಬಹುದಿನ ಬಿದ್ದ ಕೊಂಬನ್ನು ಹೊರಳಿಸಿದರೆ ಅದರ ಮೈಮೇಲೆ ಜೋಡಿಗೀರುಗಳಾಗಿ ಹಲ್ಲಿನ ಗುರುತುಗಳು ಕಾಣಸಿಗುತ್ತವೆ.