ನಿಮಗಿದು ಗೊತ್ತೇ? ಬೂದಿಯಿಂದ ಲೋಹ ಹೆಕ್ಕುವ ಪ್ರೋಟೀನ್

● ವಿಜಯವಾಡ ಪಕ್ಕದ ಇಬ್ರಾಹಿಂಪಟ್ನಂನಲ್ಲಿರುವ ಡಾ. ನಾರ್ಲ ತಾತಾರಾವ್ ಶಾಖೋತ್ಪನ್ನ ಕೇಂದ್ರ 1979ರಿಂದ ಕಲ್ಲಿದ್ದಲು ಉರಿಸುತ್ತಿದೆ. ನಮ್ಮ ರಾಯಚೂರಿನ ಶಕ್ತಿನಗರದಂತೆ ಇದೂ ಕೃಷ್ಣೆಯ ದಡದ್ದೇ. ಎರಡೂ ಕಡೆ ಹಾರುಬೂದಿ ರಾಶಿ ರಾಶಿ!

● ಕಲ್ಲಿದ್ದಲಿನ ಇಂಗಾಲ ಉರಿದುಹೋದರೂ ಲೋಹಗಳು ಬೂದಿಯಲ್ಲೇ ಉಳಿಯುತ್ತವೆ. ಟನ್ ಹಾರುಬೂದಿಯಲ್ಲಿ ಸಾಮಾನ್ಯವಾಗಿ ಕೆಲವು ನೂರು ಗ್ರಾಂ ವಿರಳ ಭೂಲೋಹ ಇರುತ್ತದೆ. ಬೂದಿ ಇಟ್ಟಿಗೆಯ ಮನೆ ಕಟ್ಟಿಸಿದವರ ಗೋಡೆಯಲ್ಲೂ ನಿಯೋಡಿಮಿಯಂ ಎಂಬ ವಿರಳ ಭೂಲೋಹ ಚೂರುಪಾರು ಸೇರಿರುತ್ತದೆ.

● ವಿರಳ ಭೂಲೋಹಗಳು ಒಟ್ಟು 17. ಹೆಸರಿಗಷ್ಟೇ ವಿರಳ! ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಒಂದೇ ಕಡೆ ದಟ್ಟವಾಗಿ ಸಿಗದಿರುವುದೇ ತೊಡಕು.

● ಬೂದಿಯನ್ನು ಆಮ್ಲದಲ್ಲಿ ನೆನೆಸಿದರೆ ಕಬ್ಬಿಣ, ಅಲ್ಯೂಮಿನಿಯಂ, ಕ್ಯಾಲ್ಸಿಯಂ ಕೂಡ ಜೊತೆಗೇ ಕರಗಿ ಬರುತ್ತವೆ. ಬೇಕಾದ್ದನ್ನು ಮಾತ್ರ ಆರಿಸುವುದೇ ಕಷ್ಟ.

● ವಿರಳ ಭೂಲೋಹಗಳಿಂದ ಜೀವಿಗಳಿಗೆ ಉಪಯೋಗವೇ ಇಲ್ಲ ಎಂದು ಒಂದೂವರೆ ದಶಕದ ಹಿಂದಿನವರೆಗೂ ವಿಜ್ಞಾನಿಗಳು ನಂಬಿದ್ದರು. ಆದರೆ ಎಲೆಗಳ ಮೇಲೆ ಬದುಕುವ ‘ಮಿಥೈಲೋಬ್ಯಾಕ್ಟೀರಿಯಂ ಎಕ್ಸ್‌ಟಾರ್ಕ್ವೆನ್ಸ್’ ಎಂಬ ಗುಲಾಬಿ ಬಣ್ಣದ ಬ್ಯಾಕ್ಟೀರಿಯಾ, ಎಲೆ ಹೊರಬಿಡುವ ಮೆಥನಾಲ್ ಅರಗಿಸಿಕೊಳ್ಳಲು ಇವನ್ನೇ ಬಳಸುತ್ತದೆ!

● 2018ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಜೋಸೆಫ್ ಕೊಟ್ರುವೊ ತಂಡ ಇದೇ ಬ್ಯಾಕ್ಟೀರಿಯಾದಲ್ಲಿ ‘ಲ್ಯಾನ್‌ಮಾಡ್ಯುಲಿನ್’ ಪ್ರೋಟೀನ್ ಪತ್ತೆ ಮಾಡಿತು. ಕ್ಯಾಲ್ಸಿಯಂಗಿಂತ ವಿರಳ ಭೂಲೋಹಗಳತ್ತ ಇದಕ್ಕೆ ಸುಮಾರು 10 ಕೋಟಿ ಪಟ್ಟು ಹೆಚ್ಚು ಒಲವು.

● ಲೋಹ ಸಿಗುವವರೆಗೆ ಈ ಪ್ರೋಟೀನ್‌ಗೆ ನಿಶ್ಚಿತ ಆಕಾರವೇ ಇರದು. ಸಿಕ್ಕೊಡನೆ ಸುತ್ತ ಮಡಚಿಕೊಂಡು ಬಿಗಿಹಿಡಿಯುತ್ತದೆ. ಕ್ಯಾಲ್ಸಿಯಂ ಅಯಾನಿನ ಗಾತ್ರ ಹೆಚ್ಚುಕಡಿಮೆ ವಿರಳ ಭೂಲೋಹದ ಅಯಾನುಗಳಷ್ಟೇ ಇದ್ದರೂ ಅದರ ವಿದ್ಯುದಾವೇಶ +2, ವಿರಳ ಭೂಲೋಹಗಳದು ಸಾಮಾನ್ಯವಾಗಿ +3. ಹಿಡಿತದಲ್ಲಿ ವ್ಯತ್ಯಾಸ ಬರಲು ಇದೂ ಒಂದು ಕಾರಣ.

● 2021ರಲ್ಲಿ ಕೊಟ್ರುವೊ ತಂಡದವರು ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಜೊತೆಗೂಡಿ ಈ ಪ್ರೋಟೀನನ್ನು ಸಣ್ಣ ಮಣಿಗಳಿಗೆ ಅಂಟಿಸಿ, ಕೊಳವೆಗೆ ತುಂಬಿ, ಬೂದಿಯ ದ್ರಾವಣ ಹರಿಸಿದರು. ವಿರಳ ಭೂಲೋಹ ಮಣಿಗಳಲ್ಲಿ ನಿಂತಿತು, ಉಳಿದದ್ದು ಹರಿದುಹೋಯಿತು. ಆಮ್ಲೀಯತೆ ಹೆಚ್ಚಿಸಿದರೆ ಹಿಡಿತ ಸಡಿಲ. ಲೋಹ ಕೈಗೆ, ಮಣಿಗಳು ಮರುಬಳಕೆಗೆ!

● ಓಕ್ ಮರದ ಮೊಗ್ಗಿನ ಬ್ಯಾಕ್ಟೀರಿಯಾದ ಲ್ಯಾನ್‌ಮಾಡ್ಯುಲಿನ್ ಇನ್ನೂ ಚುರುಕು. ಮೋಟಾರು ಅಯಸ್ಕಾಂತಗಳಿಗೆ ಬೇಕಾದ ನಿಯೋಡಿಮಿಯಂ, ಡಿಸ್ಪ್ರೋಸಿಯಂಗಳನ್ನೂ ಅದು ಒಂದರಿಂದೊಂದು ಬೇರ್ಪಡಿಸಬಲ್ಲದೆಂದು 2023ರಲ್ಲಿ ತಿಳಿಯಿತು.

● ಅದೇ ವರ್ಷ ಮೇ 11ರಂದು ವಿಶಾಖಪಟ್ಟಣದಲ್ಲಿ ವಿರಳ ಭೂಲೋಹದ ಅಯಸ್ಕಾಂತ ಕಾರ್ಖಾನೆ ದೇಶಕ್ಕೆ ಸಮರ್ಪಣೆಯಾಯಿತು. ಅಲ್ಲಿ ತಯಾರಾಗುವುದು ಸಮೇರಿಯಂ–ಕೋಬಾಲ್ಟ್ ಅಯಸ್ಕಾಂತ. ಲ್ಯಾನ್‌ಮಾಡ್ಯುಲಿನ್ ಅತಿ ಬಿಗಿಯಾಗಿ ಹಿಡಿಯುವ ಲೋಹಗಳಲ್ಲಿ ಸಮೇರಿಯಂ ಕೂಡ ಒಂದು. ಆದರೆ ಸದ್ಯಕ್ಕೆ ಭಾರತ ಈ ಲೋಹಗಳನ್ನು ತೆಗೆಯುತ್ತಿರುವುದು ಕಡಲ ಮರಳಿನ ಮೊನಜೈಟ್‌ನಿಂದ, ಬೂದಿಯಿಂದಲ್ಲ.